ಏಳು ವಾರದ ಚಾಕು

ನಮ್ಮ ಭಾವ ಒಂದು ಚಾಕು ಆರಿಸಲು ಏಳು ವಾರ ತೆಗೆದುಕೊಂಡ. ನಮ್ಮಕ್ಕನನ್ನು ಆರಿಸಲು ಅವನಿಗೆ ಅರ್ಧ ಗಂಟೆ ಸಾಕಾಗಿತ್ತು. ಆ ಅರ್ಧ ಗಂಟೆಯಲ್ಲೂ ಇಪ್ಪತ್ತು ನಿಮಿಷ ತನ್ನ ಹೊಸ ಷೂ ಬಗ್ಗೆಯೇ ಮಾತಾಡಿದ. ಅದು ಯಾವ ಚರ್ಮ, ಅಟ್ಟೆಗೆ ಎಷ್ಟು ಸಾಲು ಹೊಲಿಗೆ, ಪೇಟೆಯ ಮಿಕ್ಕ ಷೂಗಳೆಲ್ಲ ಯಾಕೆ ಕಸ ಎಂದು ನಮ್ಮಪ್ಪನಿಗೆ ವಿವರಿಸಿದ. ಅಪ್ಪ ತಲೆಯಾಡಿಸಿದರು. ಬಾಗಿಲ ಹಿಂದೆ ನಿಂತು ಕೇಳುತ್ತಿದ್ದ ಅಕ್ಕನ ಕಿವಿಯಲ್ಲಿ ನಾನು, "ಇವನು ಬೇಡ ಕಣಕ್ಕಾ" ಎಂದೆ. ಆಗ ನನಗೆ ಹದಿನಾರು ವರ್ಷ. ಹದಿನಾರರವಳ ಮಾತಿಗೆ ಯಾರು ಕಿವಿಗೊಡುತ್ತಾರೆ?

ಎದುರಿಗೆ ನಾನು ಅವನನ್ನು 'ಬನ್ನಿ ಭಾವ, ಕೂತ್ಕೊಳ್ಳಿ ಭಾವ' ಎಂದೇ ಮಾತಾಡಿಸುವುದು. ಬೆನ್ನ ಹಿಂದೆ ಬಹುವಚನ ನನ್ನ ನಾಲಿಗೆಗೆ ಹತ್ತುವುದಿಲ್ಲ. ಇದನ್ನು ಅವನ ಬೆನ್ನ ಹಿಂದೆಯೇ ಬರೆಯುತ್ತಿದ್ದೇನೆ. ಓದುವವರು ಕ್ಷಮಿಸಬೇಕು, ಕ್ಷಮಿಸದಿದ್ದರೂ ನಡೆಯುತ್ತದೆ.

ನಾವು ಮೂವರೂ ಒಂದೇ ಬಟ್ಟೆ ಗೋದಾಮಿನಲ್ಲಿ ಕೆಲಸ ಮಾಡುವವರು. ಗಿರಣಿಗಳಿಂದ ಬಟ್ಟೆ ಬರುವುದು ಎದೆಮಟ್ಟದ ಬೇಲುಗಳಾಗಿ. ಮೇಲೆ ಗೋಣಿ ಸುತ್ತಿ, ದಪ್ಪ ಹುರಿಯಲ್ಲಿ ಹೊಲಿದು ಬಿಗಿದಿರುತ್ತಾರೆ. ಅದನ್ನು ಬಿಚ್ಚಲು ಎಂಟು ಜನ ಇದ್ದಾರೆ. ಒಳಗಿನ ತಾನುಗಳು, ಅಂದರೆ ಮಡಿಸಿಟ್ಟ ಉದ್ದ ಬಟ್ಟೆಗಳು, ನನ್ನ ಮೇಜಿಗೆ ಬರುತ್ತವೆ. ಕೆಳಗೆ ದೀಪ ಉರಿಯುವ ಗಾಜಿನ ಮೇಲೆ ಬಟ್ಟೆಯನ್ನು ಎಳೆಯುತ್ತಾ ಹೋಗಿ, ಕಲೆಯೋ ಎಳೆ ತಪ್ಪಿದ್ದೋ ತೂತೋ ಕಂಡರೆ ಗುರುತು ಹಾಕುವುದು ನನ್ನ ಕೆಲಸ. ಬೇರೆಯವರ ತಪ್ಪು ಹುಡುಕಿದರೆ ಸಂಬಳ ಕೊಡುವ ಜಾಗವೊಂದು ಭೂಮಿಯ ಮೇಲೆ ನಿನಗಾಗಿಯೇ ಕಾದಿತ್ತು ನೋಡು ಎಂದು ಅಮ್ಮ ಹೇಳುತ್ತಿದ್ದಳು. ನನಗೆ ಮದುವೆ ಆಗಲಿಲ್ಲವೇಕೆ ಎಂದು ಕೇಳಿದವರಿಗೂ ಅವಳದು ಇದೇ ಉತ್ತರ. ನನ್ನನ್ನೇ ಕೇಳಿದ್ದರೆ ಭಾವನನ್ನು ತೋರಿಸುತ್ತಿದ್ದೆ.

ಅಕ್ಕ ಬೇಲು ಬಿಚ್ಚುವವಳು. ನಾಲ್ಕನೇ ನಂಬರ್. ಬೇಲು ಬಿಚ್ಚಿದವರ ನಂಬರನ್ನು ಒಂದು ಚೀಟಿಯ ಮೇಲೆ ಬರೆದು ತಾನಿನ ಜೊತೆ ನನ್ನ ಮೇಜಿಗೆ ಕಳಿಸುತ್ತಾರೆ. ಗೋದಾಮಿನಲ್ಲಿ ಒಂದು ನಿಯಮವಿದೆ. ಒಳಗಿನ ಬಟ್ಟೆಗೆ ಚಾಕು ತಗುಲಿಸಿದವರು ಮತ್ತೆ ಬೇಲು ಮುಟ್ಟುವ ಹಾಗಿಲ್ಲ. ಮಾರನೆಯ ದಿನದಿಂದ ಹೊರಗಿನ ಕಟ್ಟೆಯ ಮೇಲೆ ನಿಂತು ಲಾರಿಗೆ ಸಾಮಾನು ಏರಿಸಬೇಕು. ಹತ್ತೊಂಬತ್ತು ವರ್ಷದಲ್ಲಿ ಅಕ್ಕನ ನಂಬರಿನ ಒಂದು ತಾನಿನಲ್ಲೂ ಒಂದು ಎಳೆ ಕಡಿದದ್ದನ್ನು ನಾನು ಕಂಡಿರಲಿಲ್ಲ. ಅಕ್ಕ ಎಂದು ಹೇಳುತ್ತಿಲ್ಲ. ಅವಳು ನನ್ನ ಶತ್ರುವಾಗಿದ್ದರೂ ಇದೇ ಮಾತು ಹೇಳುತ್ತಿದ್ದೆ, ಹಲ್ಲು ಕಡಿದುಕೊಂಡು.

ಅವಳ ಚಾಕು ಮಡಚಿದರೆ ಅಂಗೈಯಲ್ಲಿ ಮರೆಯಾಗುವಷ್ಟು ಚಿಕ್ಕದು. ಮರದ ಹಿಡಿ ಸವೆದು ನುಣುಪಾಗಿದೆ. ಅಲಗಿನ ಬಾಯಿ ನೇರ, ಗೆರೆ ಎಳೆದ ಹಾಗೆ. ಬೆನ್ನು ಮಾತ್ರ ತುದಿಗೆ ಬರುತ್ತಾ ಕೆಳಕ್ಕೆ ಬಾಗಿ ಬಾಯಿಯನ್ನು ಕೂಡಿಕೊಳ್ಳುತ್ತದೆ. ಮೊನೆ ಎಂಬುದೇ ಇಲ್ಲ, ಮೊಂಡು ಮೂಗು. ಗೋಣಿಯ ಹೊಲಿಗೆಯನ್ನು ಎರಡು ಬೆರಳು ತೂರಿಸಿ ಮೇಲಕ್ಕೆತ್ತುತ್ತಾಳೆ, ಆ ಬೆರಳುಗಳ ಮೇಲೆಯೇ ಚಾಕುವನ್ನು ಜಾರಿಸುತ್ತಾ ಹೋಗುತ್ತಾಳೆ. ಹುರಿ ಟಪಟಪ ಬಿಡುತ್ತದೆ. ಮೊಂಡು ಮೂಗು ಬಟ್ಟೆಗೆ ತಾಗಿದರೂ ಸವರಿಕೊಂಡು ಹೋಗುತ್ತದೆಯೇ ಹೊರತು ಒಳಗೆ ಇಳಿಯುವುದಿಲ್ಲ. ಇದು ವಿದ್ಯೆ. ಇದನ್ನು ಅವಳು ಯಾರಿಗೂ ವಿವರಿಸಿದವಳಲ್ಲ. ತುಂಬಿದ ಕೊಡ ತುಳುಕುವುದಿಲ್ಲ ಎನ್ನುತ್ತಾರಲ್ಲ, ಅವಳು ಆ ಜಾತಿ.

ತುಳುಕುವ ಕೊಡ ಭಾವ. ಆ ಎಂಟು ಜನರ ಮೇಲೆ ಅವನು ಮೇಸ್ತ್ರಿ, ಚೀಟಿ ಬರೆಯುವವನೂ ಅವನೇ. ಮೇಸ್ತ್ರಿ ಆದದ್ದು ಹೇಗೆಂದರೆ, ಹಿಂದಿನ ಮೇಸ್ತ್ರಿ ಬಿಟ್ಟು ಹೋದ ದಿನ ಇವನು ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಬಂದಿದ್ದ. ಮಾಲೀಕರ ಕಣ್ಣಿಗೆ ಬಿದ್ದ. ಮನೆಯಲ್ಲಿ ಛಾವಣಿ ಸೋರುತ್ತಿತ್ತು, ಇವನು ಮರದ ಹಿಡಿಯ ಕೊಡೆ ಕೊಂಡು ಗೋಡೆಗೆ ನೇತು ಹಾಕಿದ. ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಹೂವು. ಕನ್ನಡಕದ ಫ್ರೇಮು ಬದಲಿಸಲು ಮೂರು ಅಂಗಡಿ ಅಲೆದ, ಕೊನೆಗೆ ಕಣ್ಣು ಪರೀಕ್ಷೆ ಮಾಡಿಸುವುದನ್ನು ಮರೆತ. ಗೋದಾಮಿನವರು ಅವನಿಗೆ 'ಪ್ರೊಫೆಸರ್' ಎಂದು ಹೆಸರಿಟ್ಟಿದ್ದರು. ಅದನ್ನು ಅವನು ಮರ್ಯಾದೆ ಎಂದುಕೊಂಡಿದ್ದ.

ಬಿಚ್ಚುವ ಎಂಟು ಜನರ ಕೈಯಲ್ಲಿ ಎಂಟು ತರದ ಚಾಕು ಇದ್ದವು. ಒಬ್ಬನದು ಅಡುಗೆಮನೆಯಿಂದ ತಂದದ್ದು, ಇನ್ನೊಬ್ಬನದು ಮುರಿದ ಗರಗಸಕ್ಕೆ ಬಟ್ಟೆ ಸುತ್ತಿದ್ದು. ಒಂದು ದಿನ ಗರಗಸದವನು ಹೆಬ್ಬೆರಳು ಸೀಳಿಕೊಂಡ. ಮಾಲೀಕರು ಬಂದು ನೋಡಿ, "ಎಲ್ಲರಿಗೂ ಒಂದೇ ತರದ್ದು, ಜೇಬಲ್ಲಿ ಇಟ್ಕೊಳ್ಳೋ ಮಡಚು ಚಾಕು ತರಿಸೋಣ. ಯಾವುದು ಅಂತ ನೀವು ಹೇಳಿ ಮೇಸ್ತ್ರಿ" ಎಂದರು. ಅಷ್ಟೇ ಸಾಕಾಯಿತು. ಅಲ್ಪನಿಗೆ ಐಶ್ವರ್ಯ ಬಂದರೆ ಅರ್ಧರಾತ್ರಿಯಲ್ಲಿ ಕೊಡೆ ಹಿಡಿದನಂತೆ. ನಮ್ಮವನ ಬಳಿ ಕೊಡೆ ಮೊದಲೇ ಇತ್ತು.

ದಿನಾ ಸಂಜೆ ಕೆಲಸ ಮುಗಿಸಿ ಕಬ್ಬಿಣದ ಸಾಮಾನಿನ ಅಂಗಡಿಗೆ ಹೋಗುತ್ತಿದ್ದ. ಚಾಕು ತೆರೆಯುವುದು, ಬೆಳಕಿಗೆ ಹಿಡಿಯುವುದು, ಮುಚ್ಚುವುದು, ಇನ್ನೊಂದು ಕೇಳುವುದು. ಎರಡನೇ ವಾರ ಅಂಗಡಿಯವನು ಇವನು ಬರುವುದನ್ನು ಕಂಡರೆ ಒಳಗೆ ಹೋಗಿ ಹೆಂಡತಿಯನ್ನು ಕಳಿಸಲು ಶುರು ಮಾಡಿದ. ಮೂರನೇ ವಾರ ಅವಳೂ, "ಮನೆಗೆ ತಗೊಂಡು ಹೋಗಿ ನೋಡಿ ಅಣ್ಣ, ನಿಧಾನಕ್ಕೆ ವಾಪಸ್ ತನ್ನಿ" ಎಂದು ಮೂರು ಚಾಕುಗಳನ್ನು ಕೈಗಿಟ್ಟು ಕಳಿಸಿದಳು.

ನಾನು ಪಕ್ಕದ ಬೀದಿಯಲ್ಲೇ ಇರುವವಳು. ಭಾನುವಾರ ಅಕ್ಕನ ಮನೆಗೆ ಹೋದರೆ ಊಟದ ಮೇಜಿನ ಮೇಲೆ ಪೇಪರ್ ಹಾಸಿ ಮೂರನ್ನೂ ಸಾಲಾಗಿ ಮಲಗಿಸಿದ್ದ. ಊಟಕ್ಕೆ ಜಾಗ ಇರಲಿಲ್ಲ. ಅಕ್ಕ ನೆಲದ ಮೇಲೆ ಕೂತು ಆಲೂಗಡ್ಡೆ ಸಿಪ್ಪೆ ತೆಗೆಯುತ್ತಿದ್ದಳು.

"ಬಾ ಬಾ, ಸರಿಯಾದ ಹೊತ್ತಿಗೆ ಬಂದೆ," ಎಂದ ಭಾವ. "ಚಾಕು ಅನ್ನೋದು ಹಿಡಿಯಲ್ಲಿಲ್ಲ ಕಣಮ್ಮ, ಅಲಗಿನ ಆಕಾರದಲ್ಲಿದೆ. ಇದು ನೋಡು, ಬೆನ್ನು ತುದೀಲಿ ಒಳಗೆ ತಗ್ಗಾಗಿ ಮೊನೆ ಮೇಲಕ್ಕೆದ್ದಿದೆ. ಇದಕ್ಕೆ ಹುಲಿ ಅಂತ ಹೆಸರಿಟ್ಟಿದ್ದೀನಿ. ಇದು ಬೆನ್ನು ನಿಧಾನವಾಗಿ ಇಳಿದು, ಹೊಟ್ಟೆ ದುಂಡಗಾಗಿರೋದು. ಸಂಸಾರಸ್ಥ. ಮೂರನೇದು ಈ ಮೊಂಡು ಮೂಗಿಂದು. ಮುದುಕ."

"ಕೆಲಸ ಮಾಡೋರನ್ನ ಕೇಳಿದ್ರಾ ಭಾವ?" ಎಂದೆ.

"ಕೆಲಸ ಮಾಡೋರು ಕೆಲಸ ಮಾಡ್ತಾರೆ. ಯೋಚನೆ ಮಾಡೋರು ಯಾರಾದರೂ ಬೇಕಲ್ಲ."

"ಅಕ್ಕ ಇಲ್ಲೇ ಕೂತಿದ್ದಾಳೆ. ಹತ್ತೊಂಬತ್ತು ವರ್ಷದಿಂದ ಬೇಲು ಬಿಚ್ಚಿದವಳು. ಅವಳನ್ನ ಕೇಳಿ."

ಅವನು ಮಗುವಿಗೆ ಬಿಸ್ಕತ್ತು ಕೊಡುವವನ ಹಾಗೆ ಅಕ್ಕನ ಕಡೆ ತಿರುಗಿದ. "ಹೇಳೇ, ನಿನಗೆ ಯಾವುದು ಚೆಂದ ಕಾಣುತ್ತೆ?"

ಅಕ್ಕ ತಲೆಯೆತ್ತಲಿಲ್ಲ. "ಮೊನೆ ಇರೋದು ಬೇಡ ರೀ. ಒಳಗೆ ಬಟ್ಟೆ ಇರುತ್ತೆ" ಎಂದಳು.

ಭಾವ ಹೊಟ್ಟೆ ಹಿಡಿದು ನಕ್ಕ. "ಒಳಗೆ ಬಟ್ಟೆ ಇರುತ್ತಂತೆ! ಬಟ್ಟೆ ಗೋದಾಮಲ್ಲಿ ಬೇಲಿನ ಒಳಗೆ ಇನ್ನೇನು ಕಲ್ಲಂಗಡಿ ಇರುತ್ತಾ?" ಎಂದ. ಆ ಮೇಲೆ ಸೇಬು ಕೊಯ್ದು ತೋರಿಸಿದ, ಪೇಪರ್ ಕೊಯ್ದು ತೋರಿಸಿದ, ಸೋಪು ಕೊಯ್ದ, ಹಳೇ ಬೆಲ್ಟು ಕೊಯ್ದ. ಸೇಬು ಕೊಯ್ದ ಚಾಕುವಿನಲ್ಲಿ ಸೋಪು, ಸೋಪು ಕೊಯ್ದದ್ದರಲ್ಲಿ ಮತ್ತೆ ಸೇಬು. ಏಳು ವಾರದಲ್ಲಿ ಆ ಮನುಷ್ಯ ಕೊಯ್ಯದೆ ಬಿಟ್ಟದ್ದು ಒಂದೇ ಒಂದು, ಗೋಣಿ. ಗೋದಾಮಿನ ತುಂಬ ಗೋಣಿಯೇ ಇತ್ತು.

ಏಳನೇ ವಾರ ಹುಲಿ ಗೆದ್ದಿತು. ಗೆಲ್ಲದೆ ಏನು? ಕನ್ನಡಿಯ ಮುಂದೆ ಅದನ್ನು ಹಿಡಿದು ನಿಂತಿದ್ದನ್ನು ನಾನೇ ಕಂಡಿದ್ದೆ. ಸಂಸಾರಸ್ಥ ಹಿಡಿದರೆ ಸಂಸಾರಸ್ಥನಾಗಿ ಕಾಣಬೇಕಾಗುತ್ತಿತ್ತು.

ಎಂಟು ಹೊಸ ಚಾಕು ಬಂದವು. ಭಾವ ಎಲ್ಲರನ್ನೂ ಸುತ್ತ ನಿಲ್ಲಿಸಿ ಒಂದು ಭಾಷಣ ಮಾಡಿ, ಒಂದು ಬೇಲು ತರಿಸಿದ. ಚಾಕುವಿನ ಮೊನೆಯನ್ನು ಗೋಣಿಗೆ ಕಚಕ್ಕನೆ ಚುಚ್ಚಿ ಒಂದೇ ಎಳೆತಕ್ಕೆ ಆ ತುದಿಯಿಂದ ಈ ತುದಿಗೆ ಸೀಳಿದ. ಬೆರಳು ತೂರಿಸುವ ರಗಳೆ ಇಲ್ಲ, ಎಣಿಸಿದರೆ ಎರಡು ನಿಮಿಷ. ಆ ಬೇಲಿನಲ್ಲಿ ಮೇಲೆ ದಪ್ಪ ರಟ್ಟು ಇತ್ತು, ಬಟ್ಟೆ ಬದುಕಿಕೊಂಡಿತು. ಜನ ಚಪ್ಪಾಳೆ ತಟ್ಟಿದರು. ಜನರಿಗೇನು, ಚಪ್ಪಾಳೆ ತಟ್ಟುವಷ್ಟು ಹೊತ್ತು ಕೆಲಸ ನಿಂತಿರುತ್ತದಲ್ಲ.

ಅಕ್ಕನೂ ತನ್ನ ಪಾಲಿನ ಚಾಕು ತೆಗೆದುಕೊಂಡಳು. "ಇನ್ನು ಮೇಲೆ ಆ ಹಳೇ ತುಂಡು ಹಿಡ್ಕೊಂಡು ನನ್ನ ಮಾನ ಕಳೀಬೇಡ" ಎಂದ ಭಾವ. "ಆಯ್ತು" ಎಂದಳು. ನಮ್ಮಕ್ಕನ 'ಆಯ್ತು' ಎಂದರೆ ಏನೆಂದು ತಿಳಿಯಬೇಕಾದರೆ ಅವಳ ಜೊತೆ ಹುಟ್ಟಿರಬೇಕು. ಅವಳು 'ಇಲ್ಲ' ಎಂದರೆ ಇನ್ನೂ ಮಾತಿಗೆ ಎಡೆ ಇದೆ ಎಂದು ಅರ್ಥ, 'ಆಯ್ತು' ಎಂದರೆ ಮುಗಿಯಿತು. ಹೊಸ ಚಾಕುವನ್ನು ಏಪ್ರನ್ ನೇತು ಹಾಕುವ ಕಪಾಟಿನೊಳಗಿಟ್ಟು, ಹಳೆಯದನ್ನು ಅಂಗೈಯಲ್ಲಿ ಮುಚ್ಚಿಕೊಂಡು ಎಂದಿನ ಹಾಗೆ ಕೆಲಸ ಮಾಡಿದಳು. ಅವಳ ಕೈಯನ್ನು ಯಾರಾದರೂ ನೋಡಿದ್ದರೆ ತಾನೇ ಗೊತ್ತಾಗುವುದು! ಕಟ್ಟಿಕೊಂಡ ಗಂಡನೂ ನೋಡಿರಲಿಲ್ಲ.

ಮಿಕ್ಕವರು ನಾಲ್ಕೇ ದಿನದಲ್ಲಿ ಹುಲಿಗೆ ಹೆದರಿ ಬೆರಳು ತೂರಿಸುವ ಪದ್ಧತಿಗೇ ಹಿಂತಿರುಗಿದರು. ಮೊನೆ ಒಳಗೆ ಇಳಿಯದ ಹಾಗೆ ಅರ್ಧ ಅಲಗು ಮಾತ್ರ ಬಳಸುತ್ತಾ ನಿಧಾನಕ್ಕೆ ಬಿಚ್ಚುತ್ತಿದ್ದರು. ಚುಚ್ಚಿ ಸೀಳುವ ಶೂರ ಒಬ್ಬನೇ ಉಳಿದ.

ಹೊಸ ಚಾಕು ಬಂದ ಮೂರನೇ ವಾರದ ಗುರುವಾರ, ತಿಳಿನೀಲಿ ಅಂಗಿ ಬಟ್ಟೆಯ ಒಂದು ತಾನು ನನ್ನ ಮೇಜಿಗೆ ಬಂತು. ಎಳೆಯುತ್ತಾ ಹೋದೆ. ಅರ್ಧ ಬೆರಳಗಲದ ಒಂದು ಸೀಳು ಕಂಡಿತು. ಗುರುತು ಹಾಕಿ ಮುಂದೆ ಎಳೆದೆ. ಸರಿಯಾಗಿ ಒಂದು ಮೀಟರಿಗೆ ಇನ್ನೊಂದು. ಇನ್ನೊಂದು ಮೀಟರಿಗೆ ಇನ್ನೊಂದು, ಮೊದಲಿನದಕ್ಕಿಂತ ಸ್ವಲ್ಪ ಚಿಕ್ಕದು. ತಾನು ಮೀಟರಿಗೊಂದು ಮಡಿಕೆ ಮಾಡಿ ಒಂದರ ಮೇಲೊಂದು ಪೇರಿಸಿದ್ದು. ನಟ್ಟನಡುವೆ ಒಂದು ಸಲ ಚುಚ್ಚಿದರೆ ಸಾಕು, ಚಾಕು ಇಳಿದಷ್ಟು ಮಡಿಕೆಗೂ ತೂತು. ಇಪ್ಪತ್ತಮೂರು ಎಣಿಸಿದೆ. ಕೊನೆಯದು ಸೂಜಿ ಚುಚ್ಚಿದಷ್ಟಿತ್ತು. ಒಂದು ಕ್ಷಣದ ಪೌರುಷಕ್ಕೆ ಇಪ್ಪತ್ತಮೂರು ಮೀಟರು ಬಟ್ಟೆ ಹಾಳು.

ಚೀಟಿ ತೆಗೆದು ನೋಡಿದೆ. ನಾಲ್ಕನೇ ನಂಬರ್ ಎಂದು ಬರೆದಿತ್ತು.

ಅಷ್ಟು ಹೊತ್ತಿಗೆ ಭಾವ ನನ್ನ ಮೇಜಿನ ಬಳಿ ಬಂದು ನಿಂತಿದ್ದ. ಕೆಟ್ಟ ಸುದ್ದಿ ಅವನ ಮೂಗಿಗೆ ಬೇಗ ಬಡಿಯುತ್ತದೆ. ಬಟ್ಟೆ ನೋಡಿದ, ಚೀಟಿ ನೋಡಿದ, ನನ್ನ ಮುಖ ನೋಡಿದ. ಆಮೇಲೆ ದನಿ ತಗ್ಗಿಸಿ, "ಗಿರಣಿ ದೋಷ ಅಂತ ಬರೆದುಬಿಡಮ್ಮ. ಎಲ್ಲರಿಗೂ ಒಳ್ಳೇದು" ಎಂದ.

"ಗಿರಣಿಯ ತೂತು ಮೀಟರಿಗೆ ಸರಿಯಾಗಿ ಬರುತ್ತಾ ಭಾವ? ಬರ್ತಾ ಬರ್ತಾ ಚಿಕ್ಕದಾಗುತ್ತಾ?"

"ನಿಮ್ಮಕ್ಕನ ನಂಬರ್ ಕಣೇ ಅದು. ಯೋಚನೆ ಮಾಡು."

ಯೋಚನೆ ಮಾಡಿದೆ. ಹೇಳಲು ನಾಚಿಕೆಯಾಗುತ್ತದೆ, ಪೆನ್ಸಿಲ್ ಕೈಯಲ್ಲಿ ಹಿಡಿದು ಎರಡು ನಿಮಿಷ ಯೋಚನೆ ಮಾಡಿದೆ. ಗಿರಣಿ ದೋಷ ಎಂದು ಬರೆದರೆ ಗಿರಣಿಯಲ್ಲಿ ನನ್ನಂಥವಳೇ ಒಬ್ಬಳು ಮೇಜಿನ ಮುಂದೆ ಕೂತಿರುತ್ತಾಳೆ, ಅವಳ ತಲೆಗೆ ಬರುತ್ತದೆ. 'ಚಾಕುವಿನ ತೂತು, ಇಪ್ಪತ್ತಮೂರು' ಎಂದು ಬರೆದು ಮಾಲೀಕರ ಕೋಣೆಗೆ ಕಳಿಸಿದೆ. ಬರೆದ ಮೇಲೆ ಅಕ್ಕನ ಹತ್ತಿರ ಓಡಿದೆ.

ಅವಳು ಕೈ ತೊಳೆಯುವ ತೊಟ್ಟಿಯ ಹತ್ತಿರ ಇದ್ದಳು. ಹೇಳಿದ್ದನ್ನೆಲ್ಲ ಕೇಳಿ, "ಯಾವ ಬಟ್ಟೆ? ತಿಳಿನೀಲೀದಾ?" ಎಂದಳು.

"ಹೂಂ."

"ಅದು ಇವರು ಬಿಚ್ಚಿದ್ದು. ಮೊನ್ನೆ ಊಟದ ಹೊತ್ತಲ್ಲಿ ಬಟ್ಟೆ ಕೊಳ್ಳೋರು ಯಾರೋ ಬಂದಿದ್ರಲ್ಲ, ಅವರಿಗೆ ತೋರಿಸೋಕೆ. ನಾನು ಊಟ ಮುಗಿಸಿ ಬರುವಾಗ ಕಂಡೆ. ಅವರ ಎದುರಿಗೆ ಕಚಕ್ಕಂತ ಚುಚ್ಚಿದ್ರು."

"ಮತ್ತೆ ನಿನ್ನ ನಂಬರ್ ಯಾಕೆ?"

ಅಕ್ಕ ಟವಲಿನಲ್ಲಿ ಬೆರಳುಗಳನ್ನು ಒಂದೊಂದಾಗಿ ಒರೆಸಿಕೊಂಡಳು. "ಮೇಸ್ತ್ರಿಗೆ ನಂಬರ್ ಇಲ್ಲವಲ್ಲ. ಅವರು ಯಾವಾಗ ಬಿಚ್ಚಿದರೂ ನನ್ನದೇ ಬರೀತಾರೆ. ಮನೇಲಿ ನನ್ನ ಟವಲಲ್ಲಿ ಮುಖ ಒರೆಸಿಕೊಳ್ಳಲ್ವಾ, ಹಾಗೆ."

ನನಗೆ ಮೈ ಉರಿದುಹೋಯಿತು. ಇಂಥವನನ್ನು ಏನೆಂದು ಬಯ್ಯಬೇಕು? ಬೇಕೆಂದೇ ಹೆಂಡತಿಯ ಮೇಲೆ ಹಾಕಿದ್ದರೆ ದುಷ್ಟ ಎನ್ನಬಹುದಿತ್ತು. ದುಷ್ಟನಾಗಲೂ ಸ್ವಲ್ಪ ಶ್ರಮ ಬೇಕು. ಇವನು ಕೈಗೆ ಸಿಕ್ಕ ಅಂಕಿ ಗೀಚಿದವನು. ಈಗ ತೂತು ಬಯಲಾದ ಮೇಲೂ ಅದನ್ನು ಹಾಗೇ ಬಿಟ್ಟಿದ್ದ. ಕಂಡವರ ಮಕ್ಕಳನ್ನು ಬಾವಿಗೆ ತಳ್ಳಿ ಆಳ ನೋಡುವ ಜಾತಿ.

"ನಾನೇ ಹೋಗಿ ಮಾಲೀಕರಿಗೆ ಹೇಳ್ತೀನಿ" ಎಂದೆ.

"ನೀನು ಸುಮ್ಮನಿರು."

"ನೀನು ಹೇಳ್ತೀಯಾ?"

"ಆಯ್ತು" ಎಂದಳು. ಆ 'ಆಯ್ತು' ಯಾವುದೆಂದು ಹುಟ್ಟಿದಾಗಿನಿಂದ ಜೊತೆಗಿದ್ದ ನನಗೂ ಆ ದಿನ ತಿಳಿಯಲಿಲ್ಲ. ಹೆಂಡತಿಯರನ್ನು ನಾನು ಬಹಳ ನೋಡಿದ್ದೇನೆ. ಗಂಡನ ಮಾನ ಉಳಿಸಲು ತಮ್ಮ ಕೈಯನ್ನೇ ಕತ್ತರಿಸಿ ಕೊಡುವವರು. ಅಕ್ಕ ನಾಳೆಯಿಂದ ಬಿಸಿಲು ಕಟ್ಟೆಯ ಮೇಲೆ ನಿಂತು ಪೆಟ್ಟಿಗೆ ಎತ್ತುವುದು, ಆ ಕೈಗಳು ಪೆಟ್ಟಿಗೆ ಎತ್ತಿ ಒರಟಾಗುವುದು, ಎಲ್ಲ ನನ್ನ ಕಣ್ಣ ಮುಂದೆ ಬಂತು.

ಮಧ್ಯಾಹ್ನ ಮಾಲೀಕರು ಬೇಲು ಬಿಚ್ಚುವ ಕಡೆಗೇ ಬಂದರು, ನೀಲಿ ಬಟ್ಟೆಯನ್ನು ತೋಳ ಮೇಲೆ ಹಾಕಿಕೊಂಡು. ಅವರು ಕೂಗಾಡುವವರಲ್ಲ. ಕೂಗಾಡದವರು ಇನ್ನೂ ಕಷ್ಟ. ಎಂಟು ಜನರೂ ಸಾಲಾಗಿ ನಿಂತರು. ನಾನು ಮೇಜು ಬಿಟ್ಟು ಬಂದು ಕಂಬದ ಪಕ್ಕ ನಿಂತೆ.

"ಚಾಕು ಸರಿ ಇಲ್ವಾ ಮೇಸ್ತ್ರಿ?" ಎಂದರು ಮಾಲೀಕರು.

"ಚಾಕುಗೇನಾಗಿದೆ ಸಾರ್, ಬಂಗಾರದಂಥದು. ಆಕಾರದಲ್ಲಿ ಇದನ್ನ ಮೀರಿಸೋದು ಇನ್ನೊಂದಿಲ್ಲ. ಕೈ ಸರಿ ಇರಬೇಕು ಅಷ್ಟೇ." ಭಾವ ಅಕ್ಕನ ಕಡೆ ನೋಡದೆ ಹೇಳಿದ. "ವಯಸ್ಸಾಗ್ತಾ ಬಂತು, ಕೈ ಜಾರುತ್ತೆ. ಮನೆಯವಳು ಅಂತ ನಾನು ಪಕ್ಷಪಾತ ಮಾಡೋನಲ್ಲ. ನಿಯಮ ಅಂದ್ರೆ ನಿಯಮ."

ಕುಣಿಯಲಾರದವಳು ನೆಲ ಡೊಂಕು ಎಂದಳಂತೆ. ಇವನು ಹತ್ತೊಂಬತ್ತು ವರ್ಷ ತನ್ನನ್ನು ಹೊತ್ತ ನೆಲವನ್ನೇ ಡೊಂಕು ಎಂದ. ಮಾಲೀಕರು ಬೇಸರದಿಂದಲೇ ಅಕ್ಕನ ಕಡೆ ತಿರುಗಿ, "ಹಾಗಾದ್ರೆ ನಾಳೆಯಿಂದ ನೀವು ಕಟ್ಟೆಗೆ ಹೋಗಬೇಕಾಗುತ್ತಮ್ಮ" ಎಂದರು.

"ಹೋಗ್ತೀನಿ ಸಾರ್. ಅದಕ್ಕೆ ಮೊದಲು ಒಂದು ಬೇಲು ತರಿಸಿ" ಎಂದಳು ಅಕ್ಕ.

ಬೇಲು ಬಂತು. ಅವಳು ಅವಸರ ಮಾಡಲಿಲ್ಲ. ಎರಡು ಬೆರಳು ತೂರಿಸಿ ಹೊಲಿಗೆ ಎತ್ತಿದಳು. ಅಂಗೈ ಬಿಚ್ಚಿ ಚಾಕು ತೆರೆದಳು. ಹುರಿ ಟಪಟಪ ಬಿಟ್ಟಿತು. ಗೋಣಿ ಸರಿದು ಬಿಳಿ ಬಟ್ಟೆ ಹೊರಗೆ ಬಂತು. ಮೇಲಿನ ಮಡಿಕೆಯನ್ನು ಅವಳು ಮಾಲೀಕರ ಎದುರಿಗೆ ಹಿಡಿದಳು. ಅವರು ಕನ್ನಡಕ ಏರಿಸಿ ಇಡೀ ಮಡಿಕೆ ನೋಡಿದರು.

"ಇದು ನಾವು ಕೊಟ್ಟ ಚಾಕು ಅಲ್ವಲ್ಲ" ಎಂದರು.

"ಅಲ್ಲ ಸಾರ್. ಅದು ಕಪಾಟಲ್ಲಿದೆ." ಹೋಗಿ ತಂದು ಅವರ ಕೈಗೇ ಕೊಟ್ಟಳು. ಅಲಗಿನ ಮೇಲೆ ಕಾರ್ಖಾನೆಯವರು ಸವರಿದ ಎಣ್ಣೆ ಹಾಗೇ ಅಂಟಂಟಾಗಿತ್ತು. "ಒಂದು ದಿನವೂ ಬಳಸಿಲ್ಲ. ನೀವು ಕೊಟ್ಟಿದ್ದನ್ನ ಬಳಸದೆ ಇದ್ದದ್ದು ನನ್ನ ತಪ್ಪು, ಅದಕ್ಕೆ ಏನು ಬೇಕಾದ್ರೂ ಮಾಡಿ. ನನ್ನ ಚಾಕುಗೆ ಮೊನೆ ಇಲ್ಲ. ಆ ತೂತು ಮಾಡೋಕೆ ಇದರ ಕೈಲಿ ಆಗಲ್ಲ."

ಮಾಲೀಕರು ಮೊಂಡು ಮೂಗನ್ನು ಹೆಬ್ಬೆರಳಲ್ಲಿ ಒತ್ತಿ ನೋಡಿದರು. "ಹಾಗಾದ್ರೆ ಆ ನೀಲಿ ಬೇಲು ಬಿಚ್ಚಿದ್ದು ಯಾರು?"

ಒಂದು ಗಳಿಗೆ ಸುಮ್ಮನಿದ್ದಳು. ಆ ಗಳಿಗೆಯಲ್ಲಿ ನಾನು ಕಂಬವನ್ನು ಹಿಡಿದುಕೊಂಡಿದ್ದೆ.

"ಇವರು" ಎಂದಳು. ದನಿಯಲ್ಲಿ ಸಿಟ್ಟಿಲ್ಲ, ಅಳುವಿಲ್ಲ. ಬಸ್ಸು ಯಾವುದೆಂದು ಕೇಳಿದವರಿಗೆ ತೋರಿಸುವ ಹಾಗೆ ಹೇಳಿದಳು. "ಮಂಗಳವಾರ, ಊಟದ ಹೊತ್ತಲ್ಲಿ."

ಭಾವ ಅಂಗಿಯ ಕಾಲರ್ ಸರಿಪಡಿಸಿಕೊಂಡ. "ಅದು, ಅಂದ್ರೆ, ಪ್ರದರ್ಶನಕ್ಕೆ ಅಂತ... ಅದು ಬಿಚ್ಚಿದ ಲೆಕ್ಕಕ್ಕೆ ಬರಲ್ಲ ಸಾರ್..." ಎಂದ. ಲೋಕಕ್ಕೆಲ್ಲ ಶಕುನ ಹೇಳುವ ಹಲ್ಲಿ ಬಚ್ಚಲಲ್ಲಿ ಬಿದ್ದು ಒದ್ದಾಡಿತು. ಯಾರೋ ಹಿಂದೆ ಕೆಮ್ಮಿದರು, ಆ ಕೆಮ್ಮು ನಗುವಾಗಿತ್ತು. ನಾನು ನಗು ತಡೆಯಲಿಲ್ಲ. ಜೀವನದಲ್ಲಿ ಅಷ್ಟು ಸುಖವಾಗಿ ನಾನು ನಕ್ಕದ್ದು ಕಡಿಮೆ.

ನಿಯಮ ಅಂದ್ರೆ ನಿಯಮ ಎಂದು ಅವನೇ ಹೇಳಿದ್ದ, ಹಾಗಾಗಿ ಮಾಲೀಕರಿಗೆ ಬೇರೆ ಮಾತು ಬೇಕಾಗಲಿಲ್ಲ. ಮಾರನೆಯ ದಿನ ಭಾವ ಕಟ್ಟೆಗೆ ಹೋದ. ಚೀಟಿ ಪುಸ್ತಕ, ಪೆನ್ಸಿಲ್ ಅಕ್ಕನ ಕೈಗೆ ಬಂದವು. ಮೇಸ್ತ್ರಿ ಎಂಬ ಹೆಸರು ಬರಲಿಲ್ಲ, ಕುರ್ಚಿಯೂ ಬರಲಿಲ್ಲ. ಹೊಸ ಚಾಕು ಆರಿಸಲು ಅವಳನ್ನೇ ಕಳಿಸಿದರು. ನಾನೂ ಜೊತೆಗೆ ಹೋದೆ. ಅಂಗಡಿಯವನ ಹೆಂಡತಿ ಇವಳು ಯಾರೆಂದು ತಿಳಿದ ಕೂಡಲೇ ಸ್ಟೂಲು ಎಳೆದು, "ಕೂತ್ಕೊಳ್ಳಿ, ಎಷ್ಟು ದಿನ ಆಗುತ್ತೋ ಏನೋ" ಎಂದಳು. ಅಕ್ಕ ಕೂರಲಿಲ್ಲ. ಮೊಂಡು ಮೂಗಿನ ಒಂದು ಚಾಕು ತೆರೆದು, ಮೂಗನ್ನು ತನ್ನ ಅಂಗೈಗೆ ಒತ್ತಿದಳು. ಚರ್ಮ ತಗ್ಗಾಯಿತು, ಕೊಯ್ಯಲಿಲ್ಲ. "ಇದರಲ್ಲೇ ಇನ್ನೂ ಆರು ಕೊಡಿ, ನನ್ನ ಹತ್ತಿರ ಒಂದಿದೆ" ಎಂದಳು. ನಾವು ಹೊರಗೆ ಬಂದಾಗ ಅಂಗಡಿಯವಳು ಸ್ಟೂಲನ್ನು ಇನ್ನೂ ಹಿಡಿದುಕೊಂಡೇ ಇದ್ದಳು.

ಇಲ್ಲಿಗೆ ಮುಗಿದಿದ್ದರೆ ಚೆನ್ನಾಗಿತ್ತು. ಭಾವನಂಥವರು ಮುಗಿಯುವುದಿಲ್ಲ.

ಕಳೆದ ತಿಂಗಳು ಕಟ್ಟೆಯ ಹತ್ತಿರ ಹೋಗಿದ್ದೆ. ಲಾರಿ ಡ್ರೈವರುಗಳು ನಾಲ್ಕೈದು ಜನ ಚಹಾ ಕುಡಿಯುತ್ತಾ ಕೂತಿದ್ದರು. ನಡುವೆ ನಮ್ಮ ಪ್ರೊಫೆಸರು, ಕೈಯಲ್ಲಿ ಮೊಂಡು ಮೂಗಿನ ಚಾಕು. ಅದನ್ನು ಎಲ್ಲಿಂದ ತಂದನೋ! "ಚಾಕು ಅನ್ನೋದು ಹಿಡಿಯಲ್ಲಿಲ್ಲಪ್ಪಾ, ಅಲಗಿನ ಆಕಾರದಲ್ಲಿದೆ" ಎನ್ನುತ್ತಿದ್ದ. "ಇದು ನೋಡಿ, ಮೊನೆ ಇಲ್ಲ. ಯಾಕೆ? ಒಳಗೆ ಬಟ್ಟೆ ಇರುತ್ತೆ! ನಮ್ಮ ಗೋದಾಮಿಗೆ ಇದನ್ನ ತಂದವನೇ ನಾನು. ಮೊದಲು ಬೇಕಂತಲೇ ಮೊನೆ ಇರೋದು ಕೊಟ್ಟು ನೋಡಿದೆ. ಒಂದು ಸಲ ಕೆಡದೆ ಜನಕ್ಕೆ ಬುದ್ಧಿ ಬರಲ್ಲ."

ಜಟ್ಟಿ ಕೆಳಗೆ ಬಿದ್ದರೂ ಮೀಸೆ ಮಣ್ಣಾಗಲಿಲ್ಲ. ಡ್ರೈವರುಗಳು ತಲೆಯಾಡಿಸುತ್ತಿದ್ದರು. ನನ್ನನ್ನು ಕಂಡು ಅವನು ದನಿ ತಗ್ಗಿಸಲೂ ಇಲ್ಲ. ಅವನಿಗೆ ಅದು ಸುಳ್ಳು ಎಂದೇ ಗೊತ್ತಿರಲಿಲ್ಲ ಎಂದು ಅವನ ಮುಖ ನೋಡಿದರೆ ತಿಳಿಯುತ್ತಿತ್ತು.

ಸಂಜೆ ನೇರವಾಗಿ ಅಕ್ಕನ ಮನೆಗೆ ಹೋದೆ. ಅವಳು ಅಡುಗೆಮನೆಯ ಕಟ್ಟೆಯ ಮೇಲೆ ಒದ್ದೆ ಕಲ್ಲು ಇಟ್ಟುಕೊಂಡು ಚಾಕು ಸಾಣೆ ಹಿಡಿಯುತ್ತಿದ್ದಳು. ಬಾಗಿಲಲ್ಲಿ ನಿಂತೇ ಶುರು ಮಾಡಿದೆ. ಕೇಳಿಸಿಕೊಂಡದ್ದೆಲ್ಲ ಹೇಳಿದೆ. "ನಿನ್ನ ಮಾತನ್ನೇ ಕದ್ದು ಡ್ರೈವರುಗಳಿಗೆ ಮಾರ್ತಾ ಇದ್ದಾನೆ. ಕೇಳಿ ಸುಮ್ಮನಿರ್ತೀಯಾ? ಹೇಳು ಅವನಿಗೆ! ನೀನು ಹೇಳದಿದ್ರೆ ನಾನು ನಾಳೆ ಆ ಡ್ರೈವರುಗಳ ಎದುರಿಗೇ ಅವನ ಬೆವರಿಳಿಸ್ತೀನಿ."

ಅಕ್ಕ ಅಲಗನ್ನು ತಿರುಗಿಸಿ ಇನ್ನೊಂದು ಕಡೆ ನಾಲ್ಕು ಸಲ ಎಳೆದಳು. ನೀರಲ್ಲಿ ಅದ್ದಿ ಒರೆಸಿದಳು.

"ಇಪ್ಪತ್ತು ವರ್ಷದಿಂದ ನೀನು ಅವರನ್ನ ಬಯ್ತಾನೇ ಇದ್ದೀಯ" ಎಂದಳು. "ನಿನಗೆ ಅವರ ಮೇಲೆ ಎಷ್ಟು ಆಸೆ ಇದೆ ನೋಡು. ಬಯ್ದರೆ ನಾಟುತ್ತೆ, ನಾಟಿದರೆ ತಿದ್ದಿಕೊಳ್ತಾರೆ ಅಂತ ಅಂದುಕೊಂಡಿದ್ದೀಯ. ಬಯ್ಯೋಕಾದರೂ ಅಲ್ಲೊಬ್ಬ ಮನುಷ್ಯ ಇದ್ದಾನೆ ಅಂತ ಲೆಕ್ಕ ಇಟ್ಟಿದ್ದೀಯ."

"ನೀನು?"

"ನಾನು ಆ ಲೆಕ್ಕ ಬಿಟ್ಟು ಬಹಳ ವರ್ಷ ಆಯ್ತು. ಆವತ್ತು ಮಾಲೀಕರು ಕೇಳಿದಾಗ ನಾನು ಒಂದು ಗಳಿಗೆ ಸುಮ್ಮನಿದ್ದೆನಲ್ಲ, ಗಂಡ ಅಂತ ಹಿಂದೆಮುಂದೆ ನೋಡ್ತಿದ್ದೀನಿ ಅಂದುಕೊಂಡ್ಯಾ? ಅವರು ಅದನ್ನ ಬಿಚ್ಚಿದ್ದು ಮಂಗಳವಾರವೋ ಬುಧವಾರವೋ ಅಂತ ನೆನಪು ಮಾಡ್ಕೊಳ್ತಾ ಇದ್ದೆ."

ಹೊರಗೆ ಮೆಟ್ಟಿಲ ಮೇಲೆ ಅವನ ಷೂ ಸದ್ದಾಯಿತು. ಅಕ್ಕ ಚಾಕು ಮಡಚಿ ಜೇಬಿಗೆ ಹಾಕಿಕೊಂಡು, ಒಲೆ ಹಚ್ಚಿದಳು. "ಬಂದ್ರಾ? ಕೈಕಾಲು ತೊಳ್ಕೊಳ್ಳಿ, ಚಹಾ ಇಡ್ತೀನಿ" ಎಂದಳು. ದನಿ ಬಹಳ ಮೆತ್ತಗಿತ್ತು. ಭಾವ ಒಳಗೆ ಬಂದು, ನನ್ನನ್ನು ಕಂಡು ಹಲ್ಲು ಬಿಟ್ಟು, ಡ್ರೈವರುಗಳಿಗೆ ತಾನು ಏನು ಹೇಳಿದೆ ಎಂದು ಮೊದಲಿನಿಂದ ಹೇಳಲು ಕೂತ. ಅಕ್ಕ ಹೂಂಗುಟ್ಟುತ್ತಾ ಲೋಟ ತೊಳೆದಳು. ನನಗೆ ಇಷ್ಟು ವರ್ಷದಲ್ಲಿ ಮೊದಲ ಸಲ ಆ ಮನುಷ್ಯನನ್ನು ಕಂಡು ಅಯ್ಯೋ ಪಾಪ ಎನ್ನಿಸಿತು. ಚಹಾ ಕುಡಿಯದೆ ಎದ್ದು ಮನೆಗೆ ಬಂದೆ.